ಎಡಗಡೆ ಸೀಟಿನ ಮಾರ್ವೆನ್ನಾ

ಮಾರ್ವೆನ್ನಾ ಪೆಥಿಕ್ ನಮ್ಮ ಪೋಲ್‌ಡೌನ್ ಶಾಲೆಯ ಅಡುಗೆಯವಳು. ವಾರವೆಲ್ಲ ಮಕ್ಕಳಿಗೆ ಬೇಯಿಸಿದ ಬಟಾಣಿ ತಿನ್ನಿಸುವುದು ಅವಳ ಉದ್ಯೋಗ; ಭಾನುವಾರ ಅಣ್ಣ ಕ್ಲೆಮ್‌ನ ಕಾರಿನ ಎಡಗಡೆ ಸೀಟಿನಲ್ಲಿ ಕುಣಿಯುವುದು ಅವಳ ಬದುಕು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, "ಶನಿವಾರ ಪಾತ್ರೆ ತೊಳೀಬೇಕು, ಭಾನುವಾರ ಕ್ಲೆಮ್‌ನನ್ನ ಬೆಟ್ಟ ಹತ್ತಿಸ್ಬೇಕು. ಗಂಡನಿಗೆ ಯಾವ ವಾರ ಕೊಡ್ಲಿ?" ಎನ್ನುತ್ತಿದ್ದಳು.

ಕುಣಿಯುವುದು ಎಂದೆನಲ್ಲ, ಅದು ತಮಾಷೆಗೆ ಹೇಳಿದ್ದಲ್ಲ. ನಮ್ಮ ಆಟವೇ ಹಾಗೆ. ಚಳಿಗಾಲದಲ್ಲಿ, ಮಳೆ ಬಿದ್ದು, ಬುದ್ಧಿ ಇದ್ದವರೆಲ್ಲ ಬೆಂಕಿಯ ಮುಂದೆ ಕಾಲು ಚಾಚಿ ಕೂತಿರುವ ಹೊತ್ತಿನಲ್ಲಿ ನಾವು ಹಳೇ ಕಾರುಗಳನ್ನು ಕೆಸರು, ಮರದ ಬೇರು, ಸ್ಲೇಟುಕಲ್ಲಿನ ಕಡಿದಾದ ಓಣಿಗಳಲ್ಲಿ ಮೇಲಕ್ಕೆ ಹತ್ತಿಸುತ್ತೇವೆ. ಎಷ್ಟು ವೇಗವಾಗಿ ಹತ್ತಿದಿರಿ ಎಂದು ಯಾರೂ ಕೇಳುವುದಿಲ್ಲ. ಹತ್ತಿದಿರೋ, ನಡುವೆ ಸಿಕ್ಕಿಬಿದ್ದಿರೋ, ಅಷ್ಟೇ. ಹಿಂದಿನ ಚಕ್ರ ಕೆಸರಿನಲ್ಲಿ ಸುಮ್ಮನೆ ಗಿರಗಿರ ತಿರುಗತೊಡಗಿದಾಗ ಪಕ್ಕದಲ್ಲಿ ಕೂತವರು ಎದ್ದೆದ್ದು ಸೀಟಿನ ಮೇಲೆ ಕುಕ್ಕಬೇಕು. ಆ ಭಾರಕ್ಕೆ ಚಕ್ರ ನೆಲ ಕಚ್ಚಿ ಕಾರು ಮುಂದಕ್ಕೆ ನೆಗೆಯುತ್ತದೆ. ಈ ವಿದ್ಯೆಯಲ್ಲಿ ಮಾರ್ವೆನ್ನಾಳನ್ನು ಮೀರಿಸಿದವರು ಕಾರ್ನ್‌ವಾಲ್‌ನಲ್ಲಿ ಇರಲಿಲ್ಲ. ಒಮ್ಮೆ ಹಾಗೆ ಕುಕ್ಕುವಾಗ ಮುಂದಿನ ಹಲ್ಲು ಕಾರಿನ ಕಂಬಿಗೆ ಬಡಿದು ಮುರಿಯಿತು. ಕಾರು ತುದಿ ಮುಟ್ಟುವತನಕ ಅವಳು ಹಲ್ಲಿನ ಸುದ್ದಿ ಎತ್ತಲಿಲ್ಲ. ಬಹುಮಾನವಾಗಿ ಗೆದ್ದ ಬೆಳ್ಳಿ ಲೋಟದ ಮೇಲೆ ಎಂದಿನಂತೆ ಅಣ್ಣನ ಹೆಸರು ಕೆತ್ತಿದರು. ನಮ್ಮ ಕ್ಲಬ್ಬಿನಲ್ಲಿ ಲೋಟದ ಮೇಲೆ ಓಡಿಸಿದವರ ಹೆಸರು ಮಾತ್ರ ಇರುವುದು ವಾಡಿಕೆ. ಹಲ್ಲು ಯಾರದಾದರೇನು!

ಹೀಗೆ ನಡೆದಿದ್ದ ಸಂಸಾರ ಕೆಟ್ಟದ್ದು ಕ್ಲಬ್ಬಿನ ವಾರ್ಷಿಕ ಊಟದ ದಿನ. ಕ್ಲೆಮ್ ಲೋಟ ಹಿಡಿದುಕೊಂಡು ಭಾಷಣಕ್ಕೆ ನಿಂತ. ಬಡಗಿ ಕೆಲಸ ಮಾಡಿ ಗಟ್ಟಿಯಾದ ಆಳು; ಕಂಠ ಇನ್ನೂ ಗಟ್ಟಿ.

"ಮುಂದಿನ ಸಲದಿಂದ ನನ್ನ ಪಕ್ಕ ಅಳಿಯ ಜಾಸ್ಪರ್ ಕೂರ್ತಾನೆ. ನಮ್ಮ ಮಾರ್ವೆನ್ನಾಗೂ ಅರವತ್ತಾಗ್ತಾ ಬಂತು, ಆರಾಮಾಗಿರ್ಲಿ ಪಾಪ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಬಾಯಲ್ಲಿ ಕೇಸರಿ ಬನ್ನು ಇದ್ದದ್ದರಿಂದ ಮಾತು ಸರಿಯಾಗಿ ಕಿವಿಗೆ ಬಿದ್ದಿರಲಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ಮಾರ್ವೆನ್ನಾ ಚಮಚ ಕೆಳಗಿಟ್ಟಳು.

"ನಂಗೆ ಯಾರೂ ಹೇಳ್ಲೇ ಇಲ್ವಲ್ಲ ಕ್ಲೆಮ್?"

"ಈಗ ಹೇಳಿದ್ನಲ್ಲ."

"ಜಾಸ್ಪರ್ ಕುಣಿಯೋದು ಕಲ್ತಿದಾನಾ?"

"ಅದ್ರಲ್ಲಿ ಕಲಿಯೋಕೇನಿದೆ ಹುಡುಗಿ? ಪಕ್ಕದ ಸೀಟು ಅಂದ್ರೆ ಆಲೂಗಡ್ಡೆ ಮೂಟೆ ಕೆಲ್ಸ. ಭಾರ ಇದ್ರೆ ಸಾಕು."

ಸಭೆ ನಕ್ಕಿತು. ಮಾರ್ವೆನ್ನಾಳೂ ನಕ್ಕಳು, ಆದರೆ ಅವಳ ನಗು ಮುಗಿದದ್ದು ಎಲ್ಲರ ನಗು ಮುಗಿದ ಮೇಲೆ. ಅದು ಒಳ್ಳೆಯ ಲಕ್ಷಣವಲ್ಲ.

"ಹಂಗಾದ್ರೆ ವಸಂತದ ಪಂದ್ಯದಲ್ಲಿ ಕತ್ತೆ ಏಣಿ ಹತ್ರ ಸಿಗೋಣ. ನಾನು ಬಲಗಡೆ ಸೀಟಲ್ಲಿರ್ತೀನಿ."

"ಯಾವ ಕಾರಿನ ಬಲಗಡೆ?" ಎಂದ ಕ್ಲೆಮ್.

"ನನ್ನ ಕಾರಿನ. ಹತ್ತದೇ ಇದ್ರೆ ಅವತ್ತಿಂದಲೇ ಭಾನುವಾರ ಮನೇಲಿ ಕೂತು ಸ್ವೆಟರ್ ಹೆಣೀತೀನಿ. ನಿಂಗೇ ಮೊದಲ್ನೇದು."

ಮಾರ್ವೆನ್ನಾಗೆ ಹೆಣಿಗೆ ಎಂದರೆ ಆಗುವುದಿಲ್ಲ. ಅವಳು ಏನನ್ನು ಪಣಕ್ಕಿಟ್ಟಳು ಎಂಬುದು ಅಲ್ಲಿದ್ದ ಪ್ರತಿಯೊಬ್ಬರಿಗೂ ತಿಳಿಯಿತು: ಉಳಿದ ಭಾನುವಾರಗಳನ್ನೆಲ್ಲ. ಕತ್ತೆ ಏಣಿ ಎಂಬುದು ನಮ್ಮ ಕಡೆಯ ಅತಿ ಕೆಟ್ಟ ಏರು. ಅದರ ನಡುಮಧ್ಯೆ ಒಂದು ಬಿಳಿ ಗೆರೆ. ಅಲ್ಲಿ ಕಾರು ಪೂರ್ತಿ ನಿಲ್ಲಬೇಕು, ಮತ್ತೆ ಹೊರಡಬೇಕು. ಒಂದು ಗೇಣು ಹಿಂದಕ್ಕೆ ಜಾರಿದರೂ ಸೋತಂತೆ.

ಅವಳ ಬಳಿ ಕಾರಿರಲಿಲ್ಲ. ಹೊಸದು ಕೊಳ್ಳಲು ಶಾಲೆಯ ಅಡುಗೆಮನೆಯ ಸಂಬಳ ಬಿಡುತ್ತಿರಲಿಲ್ಲ. ಉಳಿದಿದ್ದು ಕಿಟ್ ಕಾರು. ಬಿಡಿಭಾಗಗಳಾಗಿ ಪೆಟ್ಟಿಗೆಗಳಲ್ಲಿ ಬಂದದ್ದಕ್ಕೆ ಯಾವುದೋ ಮುದಿ ಕಾರಿನ ಎಂಜಿನ್ನು, ಚಕ್ರಗಳನ್ನು ಕಿತ್ತು ಜೋಡಿಸಿ ಮನೆಯ ಹಿತ್ತಲಲ್ಲೇ ಕಟ್ಟಿಕೊಳ್ಳುವ ಕಾರು. ನಮ್ಮಲ್ಲಿ ಮೂರು ಮನೆಗೊಂದರಂತೆ ಗಂಡಸರು ಇದನ್ನು ಕಟ್ಟಲು ಶುರು ಮಾಡುತ್ತಾರೆ. ಮುಗಿಸಿದ ಮೇಲೆ ಏನು ಮಾಡಬೇಕೆಂದು ತೋಚದೆ ಅಗ್ಗಕ್ಕೆ ಮಾರುತ್ತಾರೆ.

ಮರುದಿನ ಬೆಳಿಗ್ಗೆ ಮಾರ್ವೆನ್ನಾ ನನ್ನ ಬಾಗಿಲು ಬಡಿದಳು.

"ಅಲ್ವಿನ್, ನಿನ್ನ ವ್ಯಾನಿಗೆ ಎಳ್ಕೊಂಡ್ ಬರೋ ಕೊಕ್ಕೆ ಇದೆಯಲ್ವಾ ಚಿನ್ನ?"

ನಾನು ಪಿಯಾನೊಗಳಿಗೆ ಶ್ರುತಿ ಮಾಡಿ ಬದುಕುವವನು. ವ್ಯಾನು ಇದೆ, ಕೊಕ್ಕೆಯೂ ಇದೆ. ಇಲ್ಲಿ ಎಲ್ಲರೂ ಎಲ್ಲರನ್ನೂ ಚಿನ್ನ ಎನ್ನುತ್ತಾರೆ ಎಂಬುದು ಗೊತ್ತಿದ್ದರೂ, ಹಾಗೆಂದ ಕೂಡಲೇ ಕರಗುವ ದುರ್ಬಲ ಹೃದಯವೂ ಇದೆ. ಹೊರಟೆವು.

ಮೊದಲು ನೋಡಿದ್ದು ಉದ್ದ ಮೂತಿಯ ಹಸಿರು ಕಾರು. ಮಾಲೀಕ ಕೈಯಲ್ಲಿ ಮೆತ್ತನೆ ಬಟ್ಟೆ ಹಿಡಿದು, ನಾವು ಉಸಿರು ಬಿಟ್ಟ ಕಡೆಯೆಲ್ಲ ಒರೆಸುತ್ತ ಬಂದ. ಮಾರ್ವೆನ್ನಾ ಎಂಜಿನ್ನು ನೋಡಲಿಲ್ಲ, ಅಡಿಯಲ್ಲಿ ತುಕ್ಕಿದೆಯೇ ಎಂದು ಬಗ್ಗಲಿಲ್ಲ. ಎಡಗಡೆ ಬಾಗಿಲು ತೆಗೆದು ಕೂತಳು. ಕಂಬಿ ಹಿಡಿದುಕೊಂಡಳು. ಆಮೇಲೆ ಎದ್ದು ಒಮ್ಮೆ ಕುಕ್ಕಿದಳು.

"ಅಮ್ಮಾ, ಏನ್ ಮಾಡ್ತಿದೀರಾ!" ಮಾಲೀಕನ ಕೈಯಿಂದ ಬಟ್ಟೆ ಬಿತ್ತು.

"ನೋಡ್ತಿದೀನಿ ಚಿನ್ನ." ಇನ್ನೊಮ್ಮೆ ಕುಕ್ಕಿದಳು. ಎಲ್ಲೋ ಒಂದು ತಿರುಪು ಕಳಚಿ ಟಿಣ್ಣೆಂದಿತು. "ಅಲ್ವಿನ್, ಸೀಟು ತೀರಾ ಮುಂದಿದೆ. ಇಲ್ಲಿ ಕುಣಿದ್ರೆ ಎಂಜಿನ್‌ಗೆ ಗೊತ್ತಾಗತ್ತೆ, ಹಿಂದಿನ ಚಕ್ರಕ್ಕೆ ಸುದ್ದಿನೇ ಹೋಗಲ್ಲ."

ನಾವು ಗೇಟು ದಾಟುವಾಗ ಆ ಮನುಷ್ಯ ಸೀಟನ್ನೂ ಒರೆಸುತ್ತಿದ್ದ. ಇನ್ನೊಂದು ಕಡೆ ಎಂಜಿನ್ನು ಹಿಂದಿದ್ದ ಪುಟ್ಟ ಕಾರು ಸಿಕ್ಕಿತು. ಕುಣಿದು ನೋಡಿ ಅವಳ ಕಣ್ಣು ಅರಳಿತು; ಬೆಲೆ ಕೇಳಿ ಮುಚ್ಚಿತು. ಕೆಸರಿನ ಆಟಗಾರರೆಲ್ಲ ಅಂಥದ್ದನ್ನೇ ಹುಡುಕುವುದರಿಂದ ಅದರ ಬೆಲೆ ಆಕಾಶದಲ್ಲಿತ್ತು. ಆಮೇಲೆ ಒಂದು ಕೋಳಿಗೂಡಿನೊಳಗಿನ ಕಾರು. ಅದರಲ್ಲಿ ಅವಳು ಕುಕ್ಕಿದಾಗ ತಳದಿಂದ ಮೊಟ್ಟೆಯೊಂದು ಉರುಳಿಬಂತು. ಮೊಟ್ಟೆ ಚೆನ್ನಾಗಿತ್ತು. ಕಾರು ಬೇಡವೆಂದಳು.

ಹೀಗೆ ತಿರುಗುತ್ತ ತಿರುಗುತ್ತ ನನಗೇ ಒಂದು ಬಗೆಯ ಹುಚ್ಚು ಹಿಡಿಯಿತು. ಪಿಯಾನೊ ಮುಂದೆ ಕೂತರೂ ಸ್ಟೂಲಿನ ಮೇಲೆ ಎರಡು ಸಲ ಕುಕ್ಕಿ, ಮನೆಯೊಡತಿ ದಿಗಿಲುಬಿದ್ದು ನೋಡುವಂತಾಯಿತು.

ಕೊನೆಗೆ ಬಾಡ್ಮಿನ್ ಕಡೆಯ ಒಂದು ತೋಟದ ಶೆಡ್ಡಿನಲ್ಲಿ ಅದು ಸಿಕ್ಕಿತು. ಮಿಸ್ಟರ್ ಟ್ರೂಸ್‌ಕಾಟ್ ಎಂಬ ನಿವೃತ್ತ ದರ್ಜಿ ಕಟ್ಟಿದ ಕಾರು. ಅಲ್ಯೂಮಿನಿಯಂ ಹೊದಿಕೆ, ಮರದ ತಳ, ಹಿಂದೆ ಬೆನ್ನಿಗೆ ಕಟ್ಟಿದ ಎರಡು ಹೆಚ್ಚುವರಿ ಚಕ್ರ. ದರ್ಜಿ ಚಿಕ್ಕ ಆಳು, ನನ್ನ ಭುಜದ ಕೆಳಗೇ ಮುಗಿದುಹೋಗುತ್ತಿದ್ದ. ಮಾರ್ವೆನ್ನಾ ಎಡಗಡೆ ಕೂತಳು. ಸೀಟು ಹಿಂದಿನ ಚಕ್ರದ ನೆತ್ತಿಗೇ ಹತ್ತಿರ. ಕುಕ್ಕಿದಳು. ಕಾರು ಹಿಂಭಾಗದಲ್ಲಿ ಕೂತು, ಎದ್ದು, ಮತ್ತೆ ಕೂತಿತು. ಗೋಡೆಯ ಕತ್ತರಿಗಳೆಲ್ಲ ಕಿಣಿಕಿಣಿ ಎಂದವು.

"ಆಹಾ!" ಎಂದಳು ಮಾರ್ವೆನ್ನಾ.

"ಇನ್ನೊಂದ್ಸಲ!" ಎಂದ ದರ್ಜಿ. ಅವನಿಗೂ ಹುಚ್ಚು.

"ಓಡ್ಸಿ ತೋರಿಸ್ತೀರಾ?"

ದರ್ಜಿ ಬಲಗಡೆ ನುಸುಳಿದ. ಇಬ್ಬರೂ ತೋಟದ ಹಿಂದಿನ ಒದ್ದೆ ಹುಲ್ಲುಗಾವಲಿನ ಏರಿನಲ್ಲಿ ಹೋದರು. ಅವನು ಓಡಿಸುತ್ತಿದ್ದ, ಅವಳು ಕುಣಿಯುತ್ತಿದ್ದಳು, ಇಬ್ಬರೂ ಕಿರುಚುತ್ತಿದ್ದರು. ಹುಲ್ಲು ಮೇಯುತ್ತಿದ್ದ ಕುರಿಗಳು ತಲೆಯೆತ್ತಿದವು. ತುದಿ ಮುಟ್ಟಿ ಬಂದಾಗ ಅವಳ ಮುಖ ಕೆಂಡದಂತಾಗಿತ್ತು.

"ಇದೇ ಅಲ್ವಿನ್! ಇದೇ! ನನ್ನ ಸೊಂಟ ಹೇಳ್ತಿದೆ!"

ಸೊಂಟದ ಮಾತಿಗೆ ಎದುರಾಡಲು ನಾನು ಯಾರು? ಚೌಕಾಸಿಯೂ ಬೇಗ ಮುಗಿಯಿತು. ತನ್ನ ಕಾರು ಶೆಡ್ಡು ಬಿಟ್ಟು ಕೆಸರಿನ ಆಟಕ್ಕೇ ಹೋಗುತ್ತದೆ ಎಂದು ತಿಳಿದ ಖುಷಿಗೆ ದರ್ಜಿ ತಾನಾಗಿಯೇ ಬೆಲೆ ಇಳಿಸಿದ. ವಿಮೆ ಇನ್ನೂ ಆಗಿರದಿದ್ದರಿಂದ ಕಾರನ್ನು ಟ್ರೇಲರ್ ಗಾಡಿಯ ಮೇಲೇರಿಸಿ ನನ್ನ ವ್ಯಾನಿಗೆ ಕಟ್ಟಿ ತಂದೆವು. ದಾರಿಯುದ್ದಕ್ಕೂ ಅವಳು ಹಿಂದಕ್ಕೇ ತಿರುಗಿ ಕೂತಿದ್ದಳು.

ಅವಳ ಅಂಗಳದಲ್ಲಿ ಅರ್ಧ ಊರು ಸೇರಿತು. ಕ್ಲೆಮ್ ಕೂಡ ಬಂದು ಗೇಟಿಗೊರಗಿ ನಿಂತ. ಮಾರ್ವೆನ್ನಾ ಏಪ್ರನ್ ಬಿಚ್ಚಿ ಕಂಬಕ್ಕೆ ತಗುಲಿಸಿ, ನೆಟ್ಟಗೆ ನಡೆದು ಬಂದು, ಕಾರಿನಲ್ಲಿ ಕೂತಳು. ಎಡಗಡೆ.

"ಸ್ಟಿಯರಿಂಗ್ ಆ ಕಡೆ ಇದೆ ಹುಡುಗಿ," ಎಂದ ಕ್ಲೆಮ್.

"ಗೊತ್ತು!" ಇಳಿದು ಸುತ್ತಿ ಬಲಗಡೆಗೆ ಬಂದಳು. ಒಂದು ಕಾಲು ಒಳಗೆ ಹೋಯಿತು. ಇನ್ನೊಂದೂ ಹೋಯಿತು. ಆಮೇಲೆ ಸೊಂಟದ ಹತ್ತಿರ ಎಲ್ಲವೂ ನಿಂತಿತು. ದರ್ಜಿಯಾದವನು ಆ ಸೀಟನ್ನು ತನ್ನ ಅಳತೆಗೆ ಹೊಲಿದಂತೆ ಕೂರಿಸಿ ತಳಕ್ಕೆ ಬಿಗಿದಿದ್ದ. ಸ್ಟಿಯರಿಂಗ್ ಚಕ್ರ ಅವಳ ಹೊಟ್ಟೆಗೊತ್ತಿ, ಹಾರ್ನ್ ಒತ್ತಿಹೋಗಿ, ಕಾರು ಒಂದೇ ಸಮ ಕೂಗತೊಡಗಿತು.

ಆಗ ನನಗೆ ಹೊಳೆಯಿತು. ಅಷ್ಟೊಂದು ಕಾರು ನೋಡಿದೆವು. ಒಂದರಲ್ಲೂ ಅವಳು ಬಲಗಡೆ ಕೂತು ನೋಡಿರಲಿಲ್ಲ. ಜೀವಮಾನವಿಡೀ ಎಡಗಡೆ ಕೂತವಳು ಡ್ರೈವರ್ ಆಗಲು ಹೊರಟು, ಪ್ಯಾಸೆಂಜರಿಗೆ ಒಪ್ಪುವ ಕಾರು ಕೊಂಡು ತಂದಿದ್ದಳು. ನಾನೂ ಪಕ್ಕದಲ್ಲೇ ನಿಂತಿದ್ದೆ. ನನಗೂ ಹೊಳೆದಿರಲಿಲ್ಲ. ನನ್ನನ್ನು ಕರೆದುಕೊಂಡು ಹೋದದ್ದು ಕೊಕ್ಕೆಗಾಗಿ, ಮೆದುಳಿಗಾಗಿ ಅಲ್ಲ ಎಂಬುದಷ್ಟೇ ಸಮಾಧಾನ.

ಅವಳನ್ನು ಹೊರಗೆಳೆಯಲು ನಾಲ್ಕು ಜನ ಬೇಕಾಯಿತು. ಹಾರ್ನ್ ನಿಂತ ಮೇಲೆ ಕ್ಲೆಮ್ ಬಾಯಿ ತೆರೆದ.

"ಇದು ಕಾರಲ್ಲ ಮಾರ್ವೆನ್ನಾ, ಕಾಲುಚೀಲ. ಬಣ್ಣದ ಉಲ್ಲನ್ ತರ್ಲಾ? ನಂಗೆ ನೀಲಿ ಸ್ವೆಟರ್ ಇಷ್ಟ."

ಜನ ಚದುರಿದರು. ಅವಳು ಅಂಗಳದ ಕಲ್ಲಿನ ಮೇಲೆ ಕೂತು ಕಾರನ್ನೇ ನೋಡಿದಳು. ನಾನು ಟೀ ಮಾಡಿ ತಂದೆ. ಅಳುತ್ತಾಳೇನೋ ಎಂದುಕೊಂಡರೆ, ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಎಂಥಾ ಪೆದ್ದಿ ನಾನು ಅಲ್ವಿನ್! ಕುಣಿಯೋಕೆ ಎಷ್ಟ್ ಚೆನ್ನಾಗಿದೆ ಅಂತ ನೋಡ್ದೆ, ಕೂರೋಕ್ ಆಗತ್ತಾ ಅಂತ ನೋಡ್ಲೇ ಇಲ್ಲ!" ಆಮೇಲೆ ಲೋಟ ಕೆಳಗಿಟ್ಟು ಎದ್ದಳು. "ಸ್ಪ್ಯಾನರ್ ಕೊಡು. ಆ ಸೀಟು ಕೀಳೋಣ."

ಸೀಟು ಕಿತ್ತೆವು. ಕಿತ್ತ ಮೇಲೆ ಜಾಗ ಸಿಕ್ಕಿತು, ಆದರೆ ತಳದ ಮೇಲೆ ಕೂತರೆ ಅವಳ ಕಣ್ಣು ಬಾನೆಟ್ಟಿನ ಮಟ್ಟಕ್ಕೂ ಬರುತ್ತಿರಲಿಲ್ಲ. ದಿಂಬು ಹಾಕಿದರೆ ಜಾರುತ್ತಿತ್ತು. ಆಗ ಅವಳಿಗೆ ಚರ್ಚಿನ ಮಂಡಿ ದಿಂಬುಗಳು ನೆನಪಾದವು. ಪ್ರಾರ್ಥನೆಗೆ ಮಂಡಿಯೂರಲು ಕುದುರೆಕೂದಲು ತುಂಬಿ, ಮೇಲೆ ಕಸೂತಿ ಹಾಕಿದ, ಇಟ್ಟಿಗೆಯಷ್ಟು ಗಟ್ಟಿ ದಿಂಬುಗಳು. ಚರ್ಚಿನ ಹೊಲಿಗೆ ಬಳಗದ ಹೆಂಗಸರು ಅವಳ ಅಳತೆ ತೆಗೆದುಕೊಂಡು ಹೊಸದೊಂದನ್ನು ಹೊಲಿದರು. ತಳಕ್ಕೆ ಬಿಗಿಯಲು ಚರ್ಮದ ಪಟ್ಟಿ ಕೂಡ ಇಟ್ಟರು. ಕುರಿಮರಿಯ ಕಸೂತಿ ಹಾಕೋಣವೆಂದು ಯಾರೋ ಹೇಳಿದಾಗ ಮಾರ್ವೆನ್ನಾ ಕೇಳಲಿಲ್ಲ. ಕತ್ತೆಯ ಚಿತ್ರವೇ ಬಂತು. ನಾನು ಗುಜರಿಯಿಂದ ಸಾಸರ್ ಗಾತ್ರದ ಸ್ಟಿಯರಿಂಗ್ ಚಕ್ರವೊಂದನ್ನು ಹುಡುಕಿ ತಂದೆ. ಅದನ್ನು ತಿರುಗಿಸಲು ತೋಳಿನ ಬಲ ಬೇಕಿತ್ತು. ಶಾಲೆಯ ದೊಡ್ಡ ಹಂಡೆಯಲ್ಲಿ ಗಂಜಿ ತಿರುಗಿಸಿದ ತೋಳು ಅದು, ಚಿಂತೆಯಿರಲಿಲ್ಲ.

ಈಗ ಅವಳ ಪಕ್ಕಕ್ಕೆ ಯಾರು? ಮಾರ್ವೆನ್ನಾ ಮೊದಲು ಅಣ್ಣನ ಸಿದ್ಧಾಂತವನ್ನೇ ಪರೀಕ್ಷಿಸಿದಳು. ಶಾಲೆಯಿಂದ ಆಲೂಗಡ್ಡೆ ಮೂಟೆಯೊಂದನ್ನು ತಂದು ಎಡಗಡೆ ಸೀಟಿಗೆ ಬೆಲ್ಟ್ ಬಿಗಿದು ಕೂರಿಸಿ, ಮನೆಯ ಹಿಂದಿನ ಕೆಸರು ಏರಿಗೆ ಹೋದಳು. ಪ್ರತಿಸಲವೂ ಕಾರು ಅದೇ ಬೇರಿನ ಹತ್ತಿರ ನಿಂತಿತು. ಆಮೇಲೆ ಮೂಟೆ ಇಳಿಸಿ ನನ್ನನ್ನು ಕೂರಿಸಿದಳು. ನಾನು ಒಣಕಲ. ನನ್ನ ಕುಕ್ಕುವಿಕೆಯನ್ನು ಕಾರು ಗಾಳಿ ಎಂದುಕೊಂಡಿರಬೇಕು. ಆದರೂ ಬೇರು ದಾಟಿ ಸ್ವಲ್ಪ ದೂರ ಹೋದೆವು. ಆಲೂಗಡ್ಡೆಗಿಂತ ನಾನು ವಾಸಿ ಎಂದು ತೀರ್ಮಾನವಾಯಿತು. ಅಂತರ ಕಡಿಮೆಯೇ ಇತ್ತು, ಆದರೂ ಅಂದು ನನ್ನ ಹೆಂಡತಿಗೆ ಊಟದಲ್ಲಿ ಈ ಸುದ್ದಿ ಎರಡು ಸಲ ಹೇಳಿದೆ.

ಪಂದ್ಯದ ದಿನ ಮಳೆ. ಕತ್ತೆ ಏಣಿಯ ಕೆಳಗೆ ಕಾರುಗಳ ಸಾಲು, ಎಂಜಿನ್ನುಗಳ ಗೊರಗೊರ, ಕೆಸರಿನಲ್ಲಿ ಹಿಡಿತ ಸಿಗಲೆಂದು ಟೈರಿನ ಗಾಳಿ ಇಳಿಸುವ ಸುಸ್ಸೆಂಬ ಸದ್ದು, ಫ್ಲಾಸ್ಕಿನ ಟೀ ವಾಸನೆ. ಓಣಿಯ ದಂಡೆಯ ಮೇಲೆ ಊರಿನವರೆಲ್ಲ ಛತ್ರಿ ಹಿಡಿದು ನಿಂತಿದ್ದರು. ಹೊಲಿಗೆ ಬಳಗದವರೂ ಇದ್ದರು. ಅವರಿಗೆ ತಮ್ಮ ದಿಂಬಿನ ಚಿಂತೆ.

ಕ್ಲೆಮ್ ನಮಗಿಂತ ಮುಂದಿದ್ದ. ಸರಾಗವಾಗಿ ಗೆರೆಯವರೆಗೆ ಹೋದ, ನಿಂತ, ಹೊರಟ. ಚಕ್ರ ತಿರುಗಿತು, ಕೆಸರು ಹಾರಿತು.

"ಕುಣಿಯೋ!" ಎಂದು ಅವನು ಕೂಗಿದ್ದು ನಮಗೆ ಕೆಳಗೂ ಕೇಳಿಸಿತು.

"ಕುಣೀತಾನೇ ಇದೀನಿ ಮಾವ!" ಎಂದ ಜಾಸ್ಪರ್. ಅವನು ಕುಣಿಯುತ್ತಿದ್ದದ್ದು ನಿಜ. ಆದರೆ ಚಕ್ರ ಏಳುವಾಗ ಅವನು ಬೀಳುತ್ತಿದ್ದ, ಚಕ್ರ ಬೀಳುವಾಗ ಏಳುತ್ತಿದ್ದ. ಕಾರು ನಿಧಾನಕ್ಕೆ ಹಿಂದೆ ಜಾರಿತು. ಗೆರೆಯ ಬಳಿ ನಿಂತಿದ್ದವನು ಕೆಂಪು ಬಾವುಟ ತೋರಿಸಿದ. ಕ್ಲೆಮ್ ಕಾರನ್ನು ಕೆಳಗಿಳಿಸಿ, ಯಾರನ್ನೂ ನೋಡದೆ, ದಂಡೆ ಹತ್ತಿ ಗೆರೆಯ ಪಕ್ಕದಲ್ಲೇ ಬಂದು ನಿಂತ.

ಈಗ ನಮ್ಮ ಸರದಿ. ಮಾರ್ವೆನ್ನಾ ಕತ್ತೆಯ ಮೇಲೆ ಸರಿಯಾಗಿ ಕೂತು ಸಾಸರ್ ಹಿಡಿದಳು.

"ಭಯ ಆಗ್ತಿದ್ಯಾ ಅಲ್ವಿನ್?"

"ಇಲ್ಲ," ಎಂದೆ. ಹಲ್ಲು ಕಟಕಟ ಎನ್ನುತ್ತಿದ್ದುದನ್ನು ಅವಳು ಚಳಿಯ ಲೆಕ್ಕಕ್ಕೆ ಹಾಕಿಕೊಂಡಿರಬೇಕು.

ಕಾರು ಹೊರಟಿತು. ಮೊದಲ ಬೇರು, ಎರಡನೇ ಬೇರು, ಸ್ಲೇಟಿನ ಮೆಟ್ಟಿಲು! ನಾವು ಗೆರೆಗೆ ಬಂದು ನಿಂತೆವು. ಬಾವುಟದವನು ತಲೆಯಾಡಿಸಿದ. ಮಾರ್ವೆನ್ನಾ ಕ್ಲಚ್ ಬಿಟ್ಟಳು. ಹಿಂದೆ ಚಕ್ರ ಜಾರುವ ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಅವಳ ದೇಹ ತಾನಾಗಿ ಎದ್ದು ಕುಕ್ಕಿತು. ಇಷ್ಟು ವರ್ಷದ ಅಭ್ಯಾಸ! ದೇಹದ ಜೊತೆ ಕಾಲೂ ಎದ್ದು ಬಿತ್ತು, ಕಾಲಿನ ಕೆಳಗೆ ಆಕ್ಸಿಲರೇಟರ್ ಇತ್ತು. ಕಾರು ಗರ್ರ್ ಎಂದು ಕೂಗಿತು, ಸುಮ್ಮನಾಯಿತು, ಮತ್ತೆ ಕೂಗಿತು, ಚಕ್ರ ಹುಚ್ಚೆದ್ದು ತಿರುಗಿತು. ಒಂದು ಕೂದಲೆಳೆಯಷ್ಟೇ ಮುಂದೆ ಹೋಗಿ, ಅಲ್ಲೇ ನಡುಗುತ್ತ ನಿಂತೆವು. ಇನ್ನು ಜಾರುವುದೊಂದೇ ಬಾಕಿ. ನನ್ನ ಕಣ್ಣಿಗೆ ನೀಲಿ ಸ್ವೆಟರ್ ಕಂಡಿತು.

"ಅಲ್ವಿನ್!" ಅವಳು ಕಿರುಚಿದಳು. "ನಾನು ಕೂತಿರ್ತೀನಿ! ನೀನು ಕುಣಿ!"

ಕುಣಿದೆ. ಅವಳು ಹಲ್ಲು ಕಚ್ಚಿ, ಸೊಂಟವನ್ನು ಕತ್ತೆಗೆ ಒತ್ತಿ ಹಿಡಿದು, ಕಾಲನ್ನು ಮಗುವಿನ ತಲೆಯ ಮೇಲಿಟ್ಟಷ್ಟು ಹಗುರವಾಗಿ ಇಟ್ಟಳು. ಬಾಯಲ್ಲಿ ಮಾತ್ರ ನನಗೆ ತಾಳ ಹಾಕುತ್ತಿದ್ದಳು.

"ಈಗ! ಈಗ! ತಡ ಆಯ್ತು! ಈಗ! ಹಾಂ, ಈಗ!"

ಚಕ್ರ ನೆಲ ಕಚ್ಚಿತು! ಒಂದು ಗೇಣು ಮುಂದೆ. ಇನ್ನೊಂದು ಗೇಣು. ನಾನು ಕುಕ್ಕುತ್ತಲೇ ದಂಡೆಯ ಕಡೆ ನೋಡಿದೆ. ಅಲ್ಲಿ ಕ್ಲೆಮ್ ಪೆಥಿಕ್, ಕ್ಲಬ್ಬಿನ ಲೋಟಗಳನ್ನೆಲ್ಲ ಗೆದ್ದವನು, ಜೀವಮಾನದಲ್ಲಿ ಎಂದೂ ಕುಣಿಯದವನು, ಮುಷ್ಟಿ ಬಿಗಿಹಿಡಿದು ಕೆಸರಿನಲ್ಲಿ ನಿಂತಲ್ಲೇ ಎದ್ದೆದ್ದು ಕುಕ್ಕುತ್ತಿದ್ದ. ಮುಂಗಾಲಿನ ಮೇಲೆ ಏಳುತ್ತಿದ್ದ, ಹಿಮ್ಮಡಿಯ ಮೇಲೆ ಬೀಳುತ್ತಿದ್ದ. ಅವನ ಟೋಪಿ ಎಲ್ಲೋ ಹಾರಿಹೋಗಿತ್ತು.

"ಹತ್ತು ಹುಡುಗಿ! ಹತ್ತು! ಬಿಡಬೇಡ!"

ಅವನ ಹಿಂದೆ ಹೊಲಿಗೆ ಬಳಗ, ಛತ್ರಿಗಳ ಸಮೇತ, ಅದೇ ತಾಳಕ್ಕೆ ಕುಪ್ಪಳಿಸುತ್ತಿತ್ತು. ಇಡೀ ಓಣಿಯೇ ನಮ್ಮ ಹಿಂದಿನ ಚಕ್ರದ ಮೇಲೆ ಕೂತಂತಿತ್ತು. ಮೂರನೇ ಬೇರು ದಾಟಿತು. ಕೊನೆಯ ತಿರುವು ದಾಟಿತು. ಬೀಚ್ ಮರದ ಹತ್ತಿರ ಕಾರು ಒಮ್ಮೆ ತಡವರಿಸಿತು. ನಾನು ಕಂಬಿ ಹಿಡಿದು ಇದ್ದಬದ್ದ ಮೂಳೆಗಳನ್ನೆಲ್ಲ ಒಟ್ಟು ಮಾಡಿ ಕುಕ್ಕಿದೆ. ತುದಿ!

ಮೇಲೆ ನಿಂತವನು ಎರಡೂ ಕೈ ಎತ್ತಿದ. ಮಾರ್ವೆನ್ನಾ ಎಂಜಿನ್ನು ನಿಲ್ಲಿಸಿದಳು. ನಾಲಗೆಯಿಂದ ಬಾಯೊಳಗೆಲ್ಲ ತಡವಿ ನೋಡಿಕೊಂಡಳು.

"ಉಳಿದ ಹಲ್ಲೆಲ್ಲಾ ಇದೆ," ಎಂದಳು. ಆಮೇಲೆ ನನ್ನನ್ನು ಅಪ್ಪಿಕೊಂಡ ರಭಸಕ್ಕೆ, ಕುಣಿತದಲ್ಲಿ ಆಗದಿದ್ದ ನೋವು ನನ್ನ ಪಕ್ಕೆಗೆ ಆಯಿತು.

ಕ್ಲೆಮ್ ಏದುಸಿರು ಬಿಡುತ್ತ ಓಣಿ ಹತ್ತಿ ಬಂದ. ಮಂಡಿಯವರೆಗೆ ಕೆಸರು. ಕಾರನ್ನು ಒಂದು ಸುತ್ತು ಹಾಕಿದ. ಹಿಂದಿನ ಚಕ್ರ ನೋಡಿದ, ಕತ್ತೆ ದಿಂಬು ನೋಡಿದ, ನನ್ನನ್ನು ನೋಡಿದ. ನನ್ನನ್ನು ನೋಡಿದಾಗ ಅವನ ಮುಖದಲ್ಲಿ ಅನುಕಂಪ ಕಂಡಿತು.

"ಇವ್ನು ತಾಳ ತಪ್ತಾನೆ," ಎಂದ ತಂಗಿಗೆ.

"ತಪ್ತಾನೆ. ಆದ್ರೂ ಆಲೂಗಡ್ಡೆಗಿಂತ ವಾಸಿ."

ಕ್ಲೆಮ್ ಕೆನ್ನೆಯ ಕೆಸರು ಒರೆಸಿಕೊಂಡ. "ಮುಂದಿನ ತಿಂಗ್ಳು ಮೂರ್ ಕಡೆ ಪಂದ್ಯ ಇದೆಯಲ್ಲ. ನಿನ್ನ ಪಕ್ಕ... ಯಾರಾದ್ರೂ ಇದಾರಾ?"

ಮಾರ್ವೆನ್ನಾ ನನ್ನ ಕಡೆ ತಿರುಗಿ, "ಸ್ವಲ್ಪ ಇಳೀತೀಯಾ ಚಿನ್ನ?" ಎಂದಳು. ಇಳಿದೆ. ಇಳಿಯುವಾಗ ನನ್ನ ಕಾಲುಗಳು ಇನ್ನೂ ತಾಳ ಹಾಕುತ್ತಿದ್ದವು. ಕ್ಲೆಮ್ ಎಡಗಡೆ ಬಾಗಿಲು ಹುಡುಕಿದ. ಬಲಗಡೆಯದೇ ಅಭ್ಯಾಸವಾದ್ದರಿಂದ ಮೊದಲು ತಪ್ಪು ಕಡೆ ಹೋಗಿ, ಸುತ್ತಿ ಬಂದು ಕೂತ. ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡ.

"ಮೂಟೆ ಥರ ಕೂರ್ಬೇಡ," ಎಂದಳು ಮಾರ್ವೆನ್ನಾ. "ಕಂಬಿ ಹಿಡ್ಕೋ. ಬಾಯಿ ಮುಚ್ಚು, ಇಲ್ಲಾಂದ್ರೆ ಹಲ್ಲು ಹೋಗತ್ತೆ. ಈಗ ಕುಣಿ, ನೋಡೋಣ."